ಮನೆ ಮಡಿ

ಸಾವಯವ ಎಂದು ಬರೆದ ಬೋರ್ಡು ಕಂಡರೆ ನನ್ನ ಕೈ ತಾನಾಗಿಯೇ ಚೀಲದ ಬಾಯಿ ಮುಚ್ಚುತ್ತದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದನ್ನು ದಾವಣಗೆರೆಯಲ್ಲೇ ಕಲಿತು ಬಂದವಳು ನಾನು. ಹಾಗಾಗಿ ನಮ್ಮ ರಿಚರ್ಡ್ಸ್ ಟೌನ್ ಪಾರ್ಕಿನ ಪಕ್ಕ ಭಾನುವಾರದ ಸಂತೆ ಶುರುವಾದಾಗ, ಅದನ್ನು ಕಟ್ಟಿದ ಚಿಕ್ಕಮುನಿಯಪ್ಪನನ್ನು ಮೊದಲ ದಿನವೇ ಅನುಮಾನದ ಪಟ್ಟಿಗೆ ಸೇರಿಸಿದೆ.

ತಮಾಷೆಯೆಂದರೆ ಆತನೂ ಯಾರನ್ನೂ ನಂಬುವ ಆಸಾಮಿಯಲ್ಲ. ಸೊಪ್ಪು ತಂದ ಪ್ರತಿ ರೈತನ ಮುಂದೆ ನಿಂತು, ಕಟ್ಟನ್ನು ಎತ್ತಿ ಮೂಸಿ, ಕಣ್ಣು ಕಿರಿದು ಮಾಡಿ ಕೇಳುತ್ತಿದ್ದ: "ನಿನ್ನ ಮನೆ ಮಡಿ ಯಾವ್ದಪ್ಪಾ?" ಆಮೇಲೆ ಸೊಂಟದ ಡಬ್ಬಿ ತೆಗೆದು ಒಂದು ಚಿಟಿಕೆ ನಶ್ಯ ಏರಿಸುತ್ತಿದ್ದ. ನಾನು ಇದೇನೋ ಮಡಿ ಮೈಲಿಗೆಯ ವಿಚಾರ ಎಂದುಕೊಂಡು ಸಿಡುಕಿದೆ.

"ಸೊಪ್ಪು ಮಾರೋಕೂ ಮಡಿ ಉಟ್ಕೊಂಡು ಬರ್ಬೇಕೇನ್ರೀ?"

"ಆ ಮಡಿ ಅಲ್ಲ ತಾಯಿ, ಸೊಪ್ಪು ಬಿತ್ತೋ ಮಡಿ," ಎಂದು ಆತ ನಕ್ಕ. "ನಮ್ ಕಡೆ ರೈತ ಎರಡು ಮಡಿ ಮಾಡ್ತಾನೆ. ಮಾರ್ಕೆಟ್ ಮಡಿಗೆ ಔಷಧಿ ಹೊಡೀತಾನೆ. ಮನೆ ಮಡಿಗೆ ಹೊಡಿಯಲ್ಲ. ನಾನೂ ಹಂಗೇ ಇದ್ದೆ."

ದೊಡ್ಡನೆಕ್ಕುಂದಿಯ ಆಚೆ, ಅಪಾರ್ಟ್‌ಮೆಂಟುಗಳ ಕಾಂಪೌಂಡುಗಳ ನಡುವೆ ಸಿಕ್ಕಿಕೊಂಡ ಒಂದು ತುಂಡು ಹೊಲ ಆತನದು. ಅಲ್ಲಿಂದ ಶಿವಾಜಿನಗರಕ್ಕೆ ಪಾಲಕ್ ತರುತ್ತಿದ್ದ ಕಾಲದಲ್ಲಿ ಒಬ್ಬ ಮುದುಕಿ ದಿನಾ ಬರುತ್ತಿದ್ದಳಂತೆ. ಒಂದು ದಿನ ಆತನ ತಲೆ ಸವರಿ, "ಎಲೆಗೆ ಒಂದ್ ತೂತೂ ಇಲ್ಲ ಕಣಪ್ಪ, ನನ್ ಮೊಮ್ಮಗಳಿಗೆ ನಿನ್ನ ಸೊಪ್ಪೇ ಬೇಯಿಸಿ ತಿನ್ಸೋದು," ಎಂದಳಂತೆ. ಆತನ ಮನೆಯವರು ತಿನ್ನುತ್ತಿದ್ದ ಎಲೆಗಳಲ್ಲಿ ಹುಳ ಕೊರೆದ ತೂತುಗಳೇ ಹೆಚ್ಚು. ಆ ಆಶೀರ್ವಾದ ಹೊತ್ತುಕೊಂಡು ಹೋದವನು ಔಷಧಿ ಹೊಡೆಯುವ ಕ್ಯಾನನ್ನು ಗುಜರಿಗೆ ಹಾಕಿದ.

ಅಲ್ಲಿಂದ ಆತನಿಗೆ ಊರು ತಿದ್ದುವ ಹುಚ್ಚು ಹಿಡಿಯಿತು. ಕಾಲು ಕಟ್ಟಿ ತಲೆಕೆಳಗಾಗಿ ನೇತುಹಾಕಿದ ಕೋಳಿಗಳ ಗೊಂಚಲು ಹೊತ್ತ ಸ್ಕೂಟರನ್ನು ರಸೆಲ್ ಮಾರ್ಕೆಟ್ ಎದುರು ಅಡ್ಡಗಟ್ಟಿ, "ನಿನ್ನ ಹಿಂಗೇ ಕರ್ಕೊಂಡ್ ಹೋದ್ರೆ ಹೆಂಗಿರ್ತದೆ?" ಎಂದು ಜಗಳಕ್ಕೆ ನಿಂತ. ಸ್ಕೂಟರ್ ಓಡಿಸುತ್ತಿದ್ದ ಕೋಳಿ ಅಂಗಡಿಯ ಅಕ್ತರ್, "ಅರೆ ಚಾಚಾ, ನೀವೇ ಶನಿವಾರ ಒಂದು ಕಟ್ ಮಾಡಿಸ್ಕೊಂಡ್ ಹೋದ್ರಿ!" ಎಂದು ಕಾಲೆಳೆದ. "ತಿನ್ನೋದು ಬೇರೆ, ಹಿಂಸೆ ಕೊಡೋದು ಬೇರೆ," ಎಂದು ಈತ ಬಿಡಲಿಲ್ಲ. ಕೊನೆಗೆ ಅಕ್ತರ್ ಕೋಳಿಗಳನ್ನು ಬುಟ್ಟಿಯಲ್ಲಿ ಕೂರಿಸಿ ತರತೊಡಗಿದ, ನಮ್ಮ ಸಂತೆಯಲ್ಲೂ ಒಂದು ಮೂಲೆ ಹಿಡಿದ.

ಸಂತೆಗೆ ಇದ್ದದ್ದು ಒಂದೇ ಕಟ್ಟಳೆ. ಮಾರುವವನ ಮನೆಗೆ ಯಾರು ಬೇಕಾದರೂ ಹೇಳದೆ ಕೇಳದೆ ಊಟದ ಹೊತ್ತಿಗೆ ಹೋಗಬಹುದು. ಮಾರುವ ಮಡಿಯದೇ ಸೊಪ್ಪು ಒಲೆಯ ಮೇಲೂ ಇರಬೇಕು. ಎರಡು ಮಡಿ ಕಂಡರೆ ಅವನಿಗೆ ಸಂತೆಯಲ್ಲಿ ಜಾಗವಿಲ್ಲ. ಇಬ್ಬರನ್ನು ಹಾಗೆ ಎಬ್ಬಿಸಿ ಕಳಿಸಿದ್ದೂ ಆಗಿತ್ತು. ಆದರೆ ಚಿಕ್ಕಮುನಿಯಪ್ಪನ ಮನೆಗೆ ಯಾರೂ ಹೋದದ್ದಿಲ್ಲ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎನ್ನುವ ಗಾದೆ ನನ್ನ ತಲೆಯಲ್ಲಿ ಸುತ್ತುತ್ತಲೇ ಇತ್ತು. ಒಂದು ಭಾನುವಾರ ಕೇಳಿಯೇಬಿಟ್ಟೆ: "ನಿಮ್ಮ ಮನೆ ಮಡಿ ತೋರಿಸ್ರೀ." ಆತನಿಗೆ ಕೋಪ ಬರಬಹುದು ಎಂದುಕೊಂಡಿದ್ದೆ. ಬದಲಿಗೆ ಖುಷಿಯಾಗಿಬಿಟ್ಟಿತು. ಉಳಿದ ಸೊಪ್ಪನ್ನು ಬುಟ್ಟಿಗೆ ತುಂಬಿಕೊಂಡು ಸೊಪ್ಪು ತಂದಿದ್ದ ಆಟೋದಲ್ಲೇ ನನ್ನನ್ನೂ ಹತ್ತಿಸಿಕೊಂಡ.

ಹೊಲದ ಮೂಲೆ ಮೂಲೆ ಹುಡುಕಿದೆ. ಎಲ್ಲ ಮಡಿಗಳಿಗೂ ಅದೇ ಗೊಬ್ಬರ, ಅದೇ ಬೋರ್‌ವೆಲ್ ನೀರು, ಎಲ್ಲ ಎಲೆಗಳಲ್ಲೂ ಅದೇ ತೂತು. ಕೋಳಿಗಳು ಕಾಲಡಿ ಕೆದಕಿಕೊಂಡು ಓಡಾಡುತ್ತಿದ್ದವು. ನಾನು ಸೋತೆ ಎಂದುಕೊಳ್ಳುವಷ್ಟರಲ್ಲಿ ಆತನ ಹೆಂಡತಿ ಮುನಿರತ್ನಮ್ಮ ತಾರಸಿಯ ಮೆಟ್ಟಿಲಿಳಿದು ಬಂದಳು. ಮಡಿಲ ತುಂಬ ದಂಟಿನ ಸೊಪ್ಪಿತ್ತು. ನನ್ನನ್ನು ಕಂಡು ಸೆರಗು ಮುಚ್ಚಿಕೊಂಡಳು.

"ಎಲ್ಲೀದೇ ಇದು?" ಆತ ಕೇಳಿದ.

ಅವಳು ಸೆರಗು ಸಡಿಲಿಸಿದಳು. "ಮೇಲೆ ಗೋಣಿಚೀಲದಲ್ಲಿ ಹಾಕಿದ್ದೀನಿ. ನಲ್ಲೀಲಿ ಬರೋ ಕಾವೇರಿ ನೀರು ಹುಯ್ತೀನಿ."

"ಯಾಕೆ?"

"ನಿನ್ನ ಬೋರ್ ನೀರು ಕೆಟ್ಟೋಗಿದೆ. ಸೊಪ್ಪು ಬೇಯ್ಸಿದ್ರೆ ಸೋಪಿನ ವಾಸನೆ ಬರ್ತದೆ. ಹಿಂದಿನ ಅಪಾರ್ಟ್‌ಮೆಂಟಿಗೆ ಜನ ಬಂದಾಗಿಂದ ಅವರ ಬಚ್ಚಲ ನೀರು ಬೋರಿಗೆ ಇಳೀತಿದೆ."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳ್ದೆ ಕಣಯ್ಯಾ. ನೀನು ಮೂಸಿ ನೋಡಿ ಏನೂ ಇಲ್ಲ ಅಂದೆ. ನಶ್ಯ ಏರ್ಸಿ ಏರ್ಸಿ ನಿನ್ನ ಮೂಗು ಸತ್ತೋಗಿದೆ. ಊರೋರ ಸೊಪ್ಪನ್ನೆಲ್ಲ ಮೂಸ್ಕೊಂಡ್ ತಿರುಗ್ತೀಯ."

ಆತ ಸಂತೆಯಿಂದ ವಾಪಸು ತಂದ ಬುಟ್ಟಿಯಿಂದ ಒಂದು ಕಟ್ಟು ಎತ್ತಿ ಒಲೆಯ ಮೇಲಿದ್ದ ನೀರಿಗೆ ಹಾಕಿದ. ಕುದಿ ಬಂದಾಗ ಪಾತ್ರೆಯ ಮೇಲೆ ಬಗ್ಗಿ ಉಸಿರೆಳೆದ, ಇನ್ನೊಮ್ಮೆ ಎಳೆದ. ಆಮೇಲೆ ತಲೆಯೆತ್ತಿ ನನ್ನ ಮುಖ ನೋಡಿದ. ಇಷ್ಟು ದಿನ ಆತ ಸಿಕ್ಕಿಬೀಳಲಿ ಎಂದು ಕಾದವಳು ನಾನು. ನಾನೂ ಬಗ್ಗಿ ಮೂಸಿದೆ; ಆ ಕಣ್ಣುಗಳನ್ನು ನೋಡಿ ಏನೂ ಇಲ್ಲ ಎಂದುಬಿಡೋಣ ಅನ್ನಿಸಿತು. ಆದರೂ ಸುಳ್ಳು ಹೇಳಲಾಗಲಿಲ್ಲ.

"ಹೌದು ಕಣ್ರೀ," ಎಂದೆ. "ಬಟ್ಟೆ ಒಗೆಯೋ ಸೋಪು."

ಮುಂದಿನ ಭಾನುವಾರ ಆತ ಬರುವುದಿಲ್ಲ, ಬಂದರೂ ಏನಾದರೊಂದು ಕಥೆ ಹೇಳುತ್ತಾನೆ ಎಂದು ನಾನು ಖಂಡಿತವಾಗಿ ನಂಬಿದ್ದೆ. ಬಂದ, ಹೆಂಡತಿಯ ಜೊತೆ. ಆತನ ಜಾಗದಲ್ಲಿ ಬುಟ್ಟಿಯಿರಲಿಲ್ಲ.

"ಚಾಚಾ, ಮಾಲ್ ಎಲ್ಲಿ?" ಅಕ್ತರ್ ಕೂಗಿದ.

ಸಂತೆಗೆಲ್ಲ ಕೇಳುವಂತೆ ಚಿಕ್ಕಮುನಿಯಪ್ಪ ಹೇಳಿದ: "ನಮ್ಮನೇಲೂ ಎರಡು ಮಡಿ ಸಿಕ್ತು ಕಣಪ್ಪ. ನಂಗೆ ಗೊತ್ತಿರ್ಲಿಲ್ಲ. ಗೊತ್ತಿಲ್ದಿದ್ರೂ ಕಟ್ಟಳೆ ಕಟ್ಟಳೇನೇ. ಬೋರ್ ನೀರು ಸರಿಹೋಗೋವರ್ಗೂ ನಂಗಿಲ್ಲಿ ಜಾಗ ಇಲ್ಲ."

ಕೊಳ್ಳಲು ಬಂದವರಲ್ಲಿ ಕೆಲವರು ಮುಖ ಸಿಂಡರಿಸಿ ಹೊರಟೇಹೋದರು. "ದೊಡ್ಡೋರದೇ ಹಿಂಗಾದ್ರೆ!" ಎಂದು ಹಿಂದೆ ಸಂತೆಯಿಂದ ಎಬ್ಬಿಸಿ ಕಳಿಸಿದ್ದ ಇಬ್ಬರಲ್ಲೊಬ್ಬ ಗೇಟಿನ ಬಳಿಯಿಂದ ಗೊಣಗಿದ. ಚಿಕ್ಕಮುನಿಯಪ್ಪ ಮೊದಲ ರೈತನ ಮುಂದೆ ಹೋಗಿ ನಿಂತು, ಕಟ್ಟು ಎತ್ತಿ, ಮೂಗಿನವರೆಗೂ ತಂದವನು ಅಲ್ಲೇ ತಡೆದು, ಅದನ್ನು ಮುನಿರತ್ನಮ್ಮನ ಕೈಗೆ ಕೊಟ್ಟ. ಅವಳು ಮೂಸಿ ತಲೆಯಾಡಿಸಿದಳು. ಯಾರನ್ನೂ ನಂಬದ ಚಿಕ್ಕಮುನಿಯಪ್ಪ ಆ ಕಟ್ಟನ್ನು ಇನ್ನೊಮ್ಮೆ ನೋಡದೆ ರೈತನ ಬುಟ್ಟಿಗೆ ಹಾಕಿ, ಮುಂದಿನದನ್ನು ಅವಳಿಗೆ ಎತ್ತಿಕೊಟ್ಟ.