ಮಳಗಿಗೆ ಹೋದ ಮಧ್ಯಾಹ್ನ

ಬೆಳಿಗ್ಗೆ ಮಗಳು ಹಿತ್ತಲ ಮೋರಿಗೆ ಫಿನೈಲು ಸುರಿದಳು. ಆ ವಾಸನೆಗೆ ಬೇರೆಯವರು ಮೂಗು ಮುಚ್ಚಿಕೊಳ್ಳುತ್ತಾರೆ. ನಾನು ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತೇನೆ. ಮುಂಡಗೋಡದ ದವಾಖಾನೆಯ ಜಗಲಿ ಕಣ್ಣ ಮುಂದೆ ಬಂದುಬಿಡುತ್ತದೆ. ನಿಮಗೂ ಇಂಥ ಒಂದು ವಾಸನೆ ಇದ್ದೀತು, ಹೇಳದೆ ಕೇಳದೆ ಹಳೆಯ ಊರಿಗೆ ಎಳೆದೊಯ್ಯುವಂಥದ್ದು.

ಆಗ ಎರಡನೇ ಮಹಾಯುದ್ಧದ ಕಾಲ. ನಾನು ಅಲ್ಲಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಶಿಕ್ಷಕಿ, ಊರಿಗೆಲ್ಲ ‘ಅಕ್ಕೋರು’. ವಯಸ್ಸು ಮೂವತ್ತರ ಹತ್ತಿರ. ಯಜಮಾನರದು ಪೇಟೆಯಲ್ಲಿ ಅರಿವೆ ಅಂಗಡಿ, ಮಗಳು ಶಾಂತಾ ಇನ್ನೂ ಚಿಕ್ಕವಳು. ಮಗ್ಗಿ ಹೇಳಿಸುತ್ತ ಸುಖವಾಗಿಯೇ ಇದ್ದೆ. ರವಿವಾರ ಮಾತ್ರ ದವಾಖಾನೆಗೆ ಹೋಗುತ್ತಿದ್ದೆ. ಅಲ್ಲಿನ ನರ್ಸಬಾಯಿ ಮರಾಠಿಯವರು. ಹಳ್ಳಿಯ ಹೆಂಗಸರ ಮಾತನ್ನು ಅವರಿಗೆ ತಿಳಿಸಿ ಹೇಳುವುದು ನನ್ನ ಕೆಲಸ. ಹೊಟ್ಟೆನೋವಿಗೆ ಕನ್ನಡದಲ್ಲಿ ಎಷ್ಟು ಬಗೆಯ ಮಾತುಗಳಿವೆಯೆಂದು ಕನ್ನಡ ಕಲಿಸುವ ನನಗೆ ಗೊತ್ತಾದದ್ದೇ ಅಲ್ಲಿ.

ಒಂದು ದಿನ ಅವರು ಕೈ ತೊಳೆಯುತ್ತ, “ಅಕ್ಕೋರ, ನೀವು ಮ್ಯಾಟ್ರಿಕ್ ಪಾಸ್ ಆಗೀರಿ. ಪುಣೆದಾಗ ಡಾಕ್ಟರಕಿ ಸಾಳಿಗೆ ಅರ್ಜಿ ಹಾಕ್ರಿ. ಬರೂ ತಿಂಗಳತನಕ ತಗೋತಾರ,” ಎಂದು ಮರಾಠಿಯಲ್ಲಿ ಹೇಳಿದರು.

ನಕ್ಕುಬಿಟ್ಟೆ. ಆ ನಗು ಮನೆ ಮುಟ್ಟುವವರೆಗೂ ಉಳಿಯಲಿಲ್ಲ. ವರ್ಷಗಟ್ಟಲೆ ಓದು. ಕೈಯಲ್ಲಿದ್ದ ನೌಕರಿ ಹೋಗುತ್ತದೆ, ಶಾಂತಾ ನಾನಿಲ್ಲದೆ ಬೆಳೆಯುತ್ತಾಳೆ. ಯಜಮಾನರಿಗೆ ಹೇಳಿದೆ. ಅವರು ಅರಿವೆ ಮಡಚುವುದನ್ನು ನಿಲ್ಲಿಸಲಿಲ್ಲ.

“ಬದನಿಕಾಯಾಗ ಹುಳಾ ಕಂಡ್ರ ಚೀರಾಕಿ ನೀ. ಹೆಣಾ ಹೆಂಗ ಕೊಯ್ತಿ?”

“ಬ್ಯಾಡ ಅಂತೀರೇನು?”

“ಬ್ಯಾಡ ಅನ್ನಂಗಿಲ್ಲ. ಹೋಗು ಅಂತನೂ ಅನ್ನಂಗಿಲ್ಲ. ನಾಳೆ ನನ್ನ ಮ್ಯಾಲೆ ಹಾಕಬ್ಯಾಡ.”

ಬೈದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಅವರು ಭಾರವನ್ನೆಲ್ಲ ನನಗೇ ಬಿಟ್ಟರು. ಅನ್ನ ಸೇರದಾಯಿತು. ತರಗತಿಯಲ್ಲಿ ಮಗ್ಗಿ ತಪ್ಪಿದೆ, ಹುಡುಗಿಯರೇ ತಿದ್ದಿದರು.

ಗಡುವು ಹತ್ತಿರ ಬಂದಾಗ ಒಂದು ಮಧ್ಯಾಹ್ನ ಮಳಗಿ ಎಂಬ ಹಳ್ಳಿಯಿಂದ ಗಾಡಿ ಬಂತು. ಗಂಗವ್ವ ಎಂಬವಳಿಗೆ ಹೆರಿಗೆ ನೋವು ಹತ್ತಿತ್ತು. ನರ್ಸಬಾಯಿ ಶಿರಸಿಗೆ ಹೋಗಿದ್ದರು. ಗಂಗವ್ವನ ಗಂಡ ನೇರ ಶಾಲೆಯ ಬಾಗಿಲಿಗೆ ಬಂದ. “ನೀವರೆ ಬರ್ರಿ ಅಕ್ಕೋರ. ಅವ್ರ ಜೋಡಿ ಇರ್ತೀರಲ್ರಿ.”

“ನಾ ಬರೇ ಮಾತು ತಿಳಿಸ್ತೇನಪಾ,” ಎಂದೆ. ಅವನು ಕದಲಲಿಲ್ಲ. ಗಾಡಿ ಹತ್ತಿದೆ.

ನಾವು ಮುಟ್ಟುವಷ್ಟರಲ್ಲಿ ಕೂಸು ಹುಟ್ಟಿ ಅಳುತ್ತಿತ್ತು. ಆದರೆ ಕೂಸಿನ ಹಿಂದೆ ಬರಬೇಕಾದ ಮಾಸು ಬಿದ್ದಿರಲಿಲ್ಲ. ಕೆಳಗೆ ಹಾಸಿದ ಕೌದಿ ರಕ್ತದಲ್ಲಿ ನೆನೆಯುತ್ತಿತ್ತು. ಗಂಗವ್ವನ ಅತ್ತೆ ಹೊಕ್ಕಳಬಳ್ಳಿಯನ್ನು ಕೈಗೆ ಸುತ್ತಿಕೊಂಡು ಜಗ್ಗಲು ಕೂತಿದ್ದಳು.

“ಜಗ್ಗಬ್ಯಾಡ್ರಿ!” ಎಂದು ಕೂಗಿದೆ. ನರ್ಸಬಾಯಿ ಒಮ್ಮೆ ಹಾಗೆ ಕೂಗಿದ್ದು ನೆನಪಿತ್ತು, ಯಾಕೆಂಬುದು ತಿಳಿದಿರಲಿಲ್ಲ. ಕೂಸನ್ನು ಮೊಲೆಗೆ ಹಚ್ಚಿಸಿದೆ. ಅವರು ಮಾಡುತ್ತಿದ್ದಂತೆ ಕಿಬ್ಬೊಟ್ಟೆಯ ಮೇಲೆ ಅಂಗೈಯಿಟ್ಟು ತಿಕ್ಕಿದೆ. ರಕ್ತ ನಿಲ್ಲಲಿಲ್ಲ. ಇನ್ನೂ ತಿಕ್ಕಿದೆ.

“ಅಕ್ಕೋರ, ಕಣ್ಣಿಗೆ ಕತ್ತಲ ಬರಾಕ ಹತ್ತೇತ್ರಿ,” ಎಂದಳು ಗಂಗವ್ವ. ಅವಳ ತುಟಿ ಬಿಳಿಚಿತ್ತು. ನಾನು ಕೈ ತೆಗೆಯಲಿಲ್ಲ. ಕೊನೆಗೆ ಅಂಗೈ ಕೆಳಗೆ ಏನೋ ಗಟ್ಟಿಯಾಯಿತು, ಮಾಸು ಬಿತ್ತು, ರಕ್ತ ಕಡಿಮೆಯಾಗುತ್ತ ಬಂತು.

ಅತ್ತೆ ನನ್ನ ಕಾಲು ಹಿಡಿದಳು. “ನೀವ ನಮ್ಮ ಡಾಕ್ಟರ್ರಿ.”

ಖುಷಿಯಾಗಬೇಕಿತ್ತು. ಹಿತ್ತಲಿಗೆ ಹೋಗಿ ವಾಂತಿ ಮಾಡಿಕೊಂಡೆ. ರಕ್ತ ನಿಲ್ಲದಿದ್ದರೆ ಮುಂದೇನು ಮಾಡಬೇಕೆಂದು ನನಗೆ ಗೊತ್ತಿರಲಿಲ್ಲ. ನಿಂತದ್ದು ಯಾಕೆಂದೂ ಗೊತ್ತಿರಲಿಲ್ಲ. ಇನ್ನು ಮೇಲೆ ಗಾಡಿಗಳು ನನ್ನನ್ನೇ ಹುಡುಕಿಕೊಂಡು ಬರುತ್ತವೆ. ಮರಳುವ ದಾರಿಯುದ್ದಕ್ಕೂ ಒಂದೇ ಯೋಚನೆ: ಸರಿಯಾಗಿ ಕಲಿಯಬೇಕು, ಇಲ್ಲವೇ ದವಾಖಾನೆಯ ಆ ಜಗಲಿಯನ್ನು ಮತ್ತೆ ಹತ್ತಬಾರದು.

ಮರುದಿನ ಅರ್ಜಿ ಬರೆದೆ. ಯಜಮಾನರು ತಾವೇ ಟಪಾಲಿಗೆ ಒಯ್ದರು. ಸೀಟು ಸಿಕ್ಕಿತು. ಹೆಣ ಕೊಯ್ಯುವ ಕೋಣೆಯಲ್ಲಿ ಮೊದಲ ದಿನ ಎಚ್ಚರ ತಪ್ಪಿ ಬಿದ್ದೆ. ಮರುದಿನ ಗೋಡೆ ಹಿಡಿದು ನಿಂತೆ. ಮೊದಲ ರಜೆಗೆ ಊರಿಗೆ ಬಂದಾಗ ಶಾಂತಾ ಅಪ್ಪನ ಧೋತರದ ಹಿಂದೆ ಅಡಗಿ, “ಯಾರೋ ಬಂದಾರ ನೋಡಪಾ,” ಎಂದಳು. ಆಮೇಲೆ ಮುಂಡಗೋಡ, ಹಳಿಯಾಳಗಳಲ್ಲಿ ಎಷ್ಟೋ ಕೂಸುಗಳನ್ನು ಈ ಕೈಯಲ್ಲಿ ಹಿಡಿದೆ. ಮಗಳ ಆ ಮಾತನ್ನು ಮಾತ್ರ ನಾವಿಬ್ಬರೂ ಎಂದೂ ಎತ್ತಿರಲಿಲ್ಲ.

ಇವತ್ತು ಕೇಳಿದೆ. ಶಾಂತಾ ಈಗ ತಾನೂ ಅಜ್ಜಿ. ಚಹಾ ತಂದು ಕೊಡುತ್ತಿದ್ದಳು.

“ನಾ ಹೋದದ್ದಕ್ಕ ನಿನಗ ಸಿಟ್ಟಿತ್ತೇನ?”

ಕಪ್ಪನ್ನು ನನ್ನ ಕೈಗಿಟ್ಟಳು. “ಇತ್ತವಾ. ಇನ್ನೂ ಸ್ವಲ್ಪ ಐತಿ.”

ಹೇಳಿ ಎದ್ದು ಹೋಗಲಿಲ್ಲ, ಪಕ್ಕದಲ್ಲೇ ಕೂತಳು. ಇಷ್ಟು ವರ್ಷ ಕೇಳಲು ಹೆದರಿದ್ದ ಮಾತು ಅದು. ಕೇಳಿಸಿಕೊಂಡ ಮೇಲೆ, ಯಾಕೋ, ಮೊದಲ ಸಲ ಅವಳ ಪಕ್ಕದಲ್ಲಿ, ಬಿಟ್ಟು ಹೋದವಳಾಗಿ ಅಲ್ಲ, ಬರೀ ಅವ್ವನಾಗಿ ಕೂತೆ.