ಓಣಿ ತುದಿಗೆ ಕೇಳುವ ‘ಬ್ಯಾಡ’

ಕೆಲಗೇರಿಯ ಆ ಓಣಿಗೆ ಹಾಲು ಹಾಕಲು ಬಂದ ಹುಲಿಗೆವ್ವ ಮೊದಲ ದಿನವೇ ಮುಖ ಸಣ್ಣದು ಮಾಡಿಕೊಂಡು ತಿರುಗಿ ಹೊರಟಿದ್ದಳಂತೆ. ಏಳು ಗಂಟೆಯ ಸುಮಾರಿಗೆ ಹಂಚಿನ ಮನೆಯೊಂದರ ಮುಂದೆ ನಿಂತು “ಹಾಲ್ರೀ” ಎಂದು ಕೂಗಿದ್ದೇ ತಡ, ಒಳಗಿನಿಂದ ಇಪ್ಪತ್ತಮೂರು ಹುಡುಗಿಯರು ಒಕ್ಕೊರಲಿನಿಂದ “ಬ್ಯಾಡ!” ಎಂದು ಕಿರುಚಿದ್ದರು. “ಒಬ್ಬರು ಅಂದಿದ್ರ ಸಾಕಿತ್ತಲ್ರಿ ಆಪಾ, ಓಣಿ ಮಂದೀನೆಲ್ಲಾ ಕೂಡಿಸಿ ಅನಸಬೇಕಿತ್ತೇನು?” ಎಂದು ಅವಳು ಈಗಲೂ ಮನೆಯ ಯಜಮಾನಿಯನ್ನು ಛೇಡಿಸುತ್ತಾಳೆ.

ಯಜಮಾನಿ ಹಜರತಬಿ ನದಾಫ ಹಾಲಿನ ಪಾತ್ರೆ ಹಿಡಿದುಕೊಂಡೇ ನಗುತ್ತಾರೆ. ಅರವತ್ತೆರಡು ದಾಟಿದ ಅವರು ಮೂವತ್ತೊಂದು ವರ್ಷಗಳಿಂದ ಇದೇ ಪಡಸಾಲೆಯಲ್ಲಿ ಹೆಣ್ಣುಮಕ್ಕಳಿಗೆ ಕುರಾನ್ ಓದಲು ಕಲಿಸುತ್ತಿದ್ದಾರೆ. ಬೆಳಗಿನ ನಮಾಜು ಮುಗಿಸಿ, ಗಂಡ ಗಾದಿಗೆ ತುಂಬಲು ಇಟ್ಟ ಹತ್ತಿಯನ್ನು ಮೂಲೆಗೆ ಸರಿಸಿ ಚಾಪೆ ಹಾಸುವಷ್ಟರಲ್ಲಿ ಆರು ಹೊಡೆದಿರುತ್ತದೆ. ಏಳೂವರೆಗೆ ಮಕ್ಕಳು ಕನ್ನಡ ಸಾಲಿಗೆ ಹೋಗಬೇಕು. ಅಷ್ಟರೊಳಗೆ ಅರಬ್ಬಿ ಅಕ್ಷರ, ಒಂದು ಸೂರಾ, ಕನ್ನಡದಲ್ಲಿ ಅದರ ಅರ್ಥ. ನಡುವೆ ಹತ್ತು ನಿಮಿಷ ಮಾತ್ರ ಬೇರೆ ಯಾವ ಮದರಸಾದಲ್ಲೂ ಇರಲಿಕ್ಕಿಲ್ಲದ ಪಾಠ.

“ಲಗ್ನದಾಗ ಗಂಡ ಕೊಡೂ ಮೆಹರ್ ಯಾರದು?”

“ನಂದು!”

“ನಿಕಾಹ್‌ನಾಮಾಕ್ಕ ಸಹಿ ಮಾಡೂಕಿಂತ ಮೊದಲ?”

“ಓದಬೇಕು!”

“ಮನಸ್ಸು ಇರಲಿಲ್ಲಂದ್ರ?”

ಹುಲಿಗೆವ್ವನನ್ನು ಬೆಚ್ಚಿಬೀಳಿಸಿದ ಉತ್ತರ ಆಗ ಬರುತ್ತದೆ.

ಇದು ಎಲ್ಲರಿಗೂ ರುಚಿಸಿಲ್ಲ. ಓದು ಕಲಿಯಲಿ ಎಂದು ಕಳಿಸಿದರೆ ಎದುರಾಡುವುದನ್ನು ಕಲಿಸುತ್ತಾಳೆ ಎಂದು ಕೆಲವರು ಮಕ್ಕಳನ್ನು ಬಿಡಿಸಿದ್ದಾರೆ. ನಲವತ್ತರ ಮೇಲಿದ್ದ ಸಂಖ್ಯೆ ಇಪ್ಪತ್ತಮೂರಕ್ಕೆ ಇಳಿದಿದೆ. ಹಜರತಬಿ ಯಾರ ಜೊತೆಗೂ ವಾದಕ್ಕೆ ನಿಲ್ಲುವುದಿಲ್ಲ. “ನಾ ಏನ್ ಹೊಸಾದು ಹೇಳಾಕತ್ತಿಲ್ರಿ. ಹುಡುಗಿ ಒಪ್ಪಲಿಲ್ಲಂದ್ರ ಲಗ್ನ ಆಗೂದಿಲ್ಲ ಅಂತ ನಮ್ಮ ಶರೀಯತ್ತಿನ್ಯಾಗ ಐತಿ. ನಾನ ಅದನ್ನ ತಡಾ ಮಾಡಿ ಕಲತೆ” ಎನ್ನುತ್ತಾರೆ. ಆ ಕೊನೆಯ ಮಾತಿಗೆ ಧ್ವನಿ ಕುಗ್ಗುತ್ತದೆ.

ತಡವಾದದ್ದು ಹದಿನಾರು ವರ್ಷಗಳ ಹಿಂದೆ. ಅಮ್ಮಿನಬಾವಿಯಲ್ಲಿ ದಾವಲಬಿಯ ಲಗ್ನ. ದಾವಲಬಿ ಹಜರತಬಿಯ ಕೈಯಲ್ಲೇ ಓದು ಕಲಿತವಳು, ಹತ್ತೊಂಬತ್ತು ತುಂಬಿದವಳು, ಟೀಚರ್ ಆಗಬೇಕೆಂದಿದ್ದವಳು. ಕಲಿಸಿದ ಆಪಾ ಮದುಮಗಳ ಪಕ್ಕ ಕೂರುವುದು ವಾಡಿಕೆ. ಹುಡುಗಿಯ ಒಪ್ಪಿಗೆ ಕೇಳಲು ಹಿರಿಯರೊಬ್ಬರು ಇಬ್ಬರು ಸಾಕ್ಷಿಗಳೊಂದಿಗೆ ಒಳಕೋಣೆಗೆ ಬಂದರು. ವರನ ಹೆಸರು, ಮೆಹರ್ ಎಷ್ಟೆಂಬುದನ್ನು ಹೇಳಿ ಒಂದು ಸಲ ಕೇಳಿದರು. ಹುಡುಗಿ ಮಾತಾಡಲಿಲ್ಲ. ಎರಡನೇ ಸಲವೂ ಇಲ್ಲ. ಹೊರಗೆ ಮಂದಿ ಕಾಯುತ್ತಿದ್ದರು, ಅಡುಗೆ ಆರುತ್ತಿತ್ತು. ಮೂರನೇ ಸಲ ಕೇಳಿದಾಗ ಹಜರತಬಿ ಪ್ರೀತಿಯಿಂದಲೇ ಅವಳ ತಲೆಯ ಮೇಲೆ ಕೈ ಇಟ್ಟರು. ಕೈ ಸ್ವಲ್ಪ ಭಾರ ಬಿತ್ತು. ತಲೆ ಬಾಗಿತು. “ಹ್ಞೂ ಅಂದ್ಲು” ಎಂದುಕೊಂಡು ಸಾಕ್ಷಿಗಳು ಹೊರಗೆ ಹೋದರು.

“ಕನ್ಯಾ ಸುಮ್ಮನಿದ್ರ ಒಪ್ಪಿಗಿ ಅಂತ ತಿಳೀಬೇಕು ಅನ್ನೂದು ಖರೇ ಐತ್ರಿ. ಆದ್ರ ಅದು ನಾಚಿಕಿಯಿಂದ ಸುಮ್ಮನಿದ್ದಾಕಿಗೆ ಹೇಳಿದ್ದು, ಅಂಜಿ ಸುಮ್ಮನಿದ್ದಾಕಿಗೆ ಅಲ್ಲ. ಅಕಿ ಯಾವುದಕ್ಕ ಸುಮ್ಮನಿದ್ಲು ಅಂತ ನಾ ಕೇಳಲೇ ಇಲ್ಲ. ಹ್ಞೂ ಅಂತಿದ್ಲೋ, ಬ್ಯಾಡ ಅಂತಿದ್ಲೋ, ಅಲ್ಲಾಹನಿಗೇ ಗೊತ್ತು. ಅಕಿಗಿಂತ ಮೊದಲ ನನ್ನ ಕೈ ಉತ್ತರಾ ಕೊಟ್ಟಬಿಡ್ತು.”

ದಾವಲಬಿಯ ಸಂಸಾರ ಈಗ ಇದೇ ಕೆಲಗೇರಿಯಲ್ಲಿದೆ, ಮುರಿದಿಲ್ಲ. ಗಂಡ ಕೆಟ್ಟವನೂ ಅಲ್ಲ. ಅವಳು ಟೀಚರ್ ಆಗಲಿಲ್ಲ, ಅಷ್ಟೇ. ಆದರೆ ಆ ದಿನದಿಂದ ಹಜರತಬಿಯ ಮನೆಯ ಹೊಸ್ತಿಲು ತುಳಿದಿಲ್ಲ, ಎದುರಿಗೆ ಸಿಕ್ಕರೂ ಸಲಾಮ್ ಬಿಟ್ಟು ಬೇರೆ ಮಾತಿಲ್ಲ. ಒಂದು ಬೈಗುಳವನ್ನಾದರೂ ಬೈದಿದ್ದರೆ ಹಜರತಬಿಯ ಎದೆ ಹಗುರಾಗುತ್ತಿತ್ತು. “ನಾನ ಹೋಗಿ ಕೇಳಬಹುದಿತ್ತು. ಎರಡ ಸಲ ಅಕಿ ಬಾಗಲತನಾ ಹೋಗೇನಿ, ತಿರುಗಿ ಬಂದೇನಿ. ಧೈರ್ಯ ಸಾಲಲಿಲ್ಲ” ಎಂದು ಓಢಣಿಯ ಅಂಚನ್ನು ಮಡಚುತ್ತ ಕೂರುತ್ತಾರೆ.

ಕಳೆದ ಜೂನ್‌ನಲ್ಲಿ ಮಾತ್ರ ಒಂದು ಬೆಳಿಗ್ಗೆ ದಾವಲಬಿಯ ಒಂಬತ್ತು ವರ್ಷದ ಮಗಳು ಅರ್ಶಿಯಾ ಒಬ್ಬಳೇ ಬಂದು ಚಾಪೆಯ ತುದಿಯಲ್ಲಿ ಕುಳಿತಳು. ತಾಯಿ ಓಣಿಯ ತುದಿಯಲ್ಲೇ ನಿಂತಿದ್ದಳು. ಇಂದಿಗೂ ಬಿಡಲು ಬಂದಾಗ, ಕರೆದೊಯ್ಯಲು ಬಂದಾಗ ಅಲ್ಲಿಯೇ ನಿಲ್ಲುತ್ತಾಳೆ.

ಪಾಠ ಮುಗಿಸಿ ಹೊರಡುವ ಮಕ್ಕಳಿಗೆ ತಲೆಯ ಮೇಲೆ ಕೈ ಇಟ್ಟು ದುವಾ ಮಾಡುವುದು ರೂಢಿ. ಹಜರತಬಿ ಈಗ ಪ್ರತಿಯೊಬ್ಬಳನ್ನೂ ಮೊದಲು ಕೇಳುತ್ತಾರೆ, “ಕೈ ಇಡ್ಲೇನವಾ?” ಹ್ಞೂ ಎಂದರೆ ಇಡುತ್ತಾರೆ. ಸುಮ್ಮನಿದ್ದರೆ ಇಡುವುದಿಲ್ಲ. ಅರ್ಶಿಯಾ ಬಂದಾಗಿನಿಂದ ಒಂದು ದಿನವೂ ಬಾಯಿ ಬಿಟ್ಟಿಲ್ಲ. ಪಾಠದ ‘ಬ್ಯಾಡ’ವನ್ನೂ ತುಟಿಯಲ್ಲೇ ಅನ್ನುತ್ತಾಳೆ. ಹೀಗಾಗಿ ಅವಳ ತಲೆಗೆ ಮಾತ್ರ ಆಪಾನ ಕೈ ತಾಗಿಲ್ಲ.

“ನನಗೇನೂ ದೊಡ್ಡ ಆಸೆ ಇಲ್ರಿ. ದಾವಲಬಿ ಒಂದ ಸಲ ಒಳಗ ಬಂದು ಅವತ್ತಿನ ಉತ್ತರಾ ಹೇಳಿ ಹೋಗ್ಲಿ. ಏನ್ ಅಂದ್ರೂ ಕೂತು ಕೇಳತೇನಿ” ಎನ್ನುವಷ್ಟರಲ್ಲಿ ಏಳೂವರೆಯಾಗುತ್ತದೆ. ಮಕ್ಕಳು ಸಾಲಾಗಿ ಬರುತ್ತಾರೆ, ಹ್ಞೂ ಎನ್ನುತ್ತಾರೆ, ತಲೆ ಒಡ್ಡುತ್ತಾರೆ. ಕೊನೆಗೆ ಅರ್ಶಿಯಾ.

“ಕೈ ಇಡ್ಲೇನವಾ?”

ಹುಡುಗಿ ಚಪ್ಪಲಿ ಮೆಟ್ಟುತ್ತ ತಲೆ ಎತ್ತುತ್ತಾಳೆ. “ಬ್ಯಾಡ!” ಎಂದು ಗಂಟಲು ಬಿಚ್ಚಿ ಕೂಗಿ, ಅಂದದ್ದಕ್ಕೆ ತಾನೇ ನಕ್ಕು, ತಾಯಿಯ ಕಡೆಗೆ ಓಡುತ್ತಾಳೆ.

ಹಜರತಬಿ ಎತ್ತಿದ ಕೈಯನ್ನು ಮೆಲ್ಲಗೆ ಮಡಿಲಿಗೆ ತಂದುಕೊಳ್ಳುತ್ತಾರೆ. ಕಣ್ಣು ತುಂಬಿವೆ. “ಛಲೋ ಅಂದ್ಲು” ಎನ್ನುತ್ತಾರೆ. ಚಾಪೆ ಸುತ್ತುತ್ತ ಮತ್ತೆ, “ಓಣಿ ತುದಿಗೆ ಕೇಳಿರಬೇಕಲ್ರಿ?”