ಚಂದ್ರನ ರೂಪಾಯಿ ಕಳೆದ ವರ್ಷ

ಕಂಡಕ್ಟರ್ ಕಾಕಾರ ಬಲಗೈ ಹೆಬ್ಬೆರಳಿನ ತುದಿ ಪೆನ್ಸಿಲ್ಲಿನ ಮೊನೆಯಂತೆ ಕಪ್ಪಗೆ ಹೊಳೆಯುತ್ತಿತ್ತು. ಮೂವತ್ತು ವರ್ಷ ಚಿಲ್ಲರೆ ಕೊಟ್ಟು ಕೊಟ್ಟು ಅಲ್ಲಿದ್ದ ಗೆರೆಗಳೆಲ್ಲ ಸವೆದುಹೋಗಿದ್ದವು. ಆಧಾರ್ ಕಾರ್ಡ್ ಮಾಡಿಸಲು ಹೋದಾಗ ಯಂತ್ರ ಆ ಬೆರಳನ್ನು ಒಪ್ಪಿಕೊಳ್ಳಲೇ ಇಲ್ಲ. ಅಲ್ಲಿದ್ದ ಹುಡುಗಿ ಮತ್ತೆ ಮತ್ತೆ ಒತ್ತಿಸಿ ಬೇಸತ್ತಾಗ, "ಬಿಡವಾ, ಇದ್ದ ಗೆರಿ ಎಲ್ಲಾ ಮಂದೀಗೆ ಹಂಚಿಬಿಟ್ಟೇನಿ" ಅಂದರಂತೆ.

ಅವರು ನನಗೆ ರಕ್ತಸಂಬಂಧಿಯಲ್ಲ. ಬಾದಾಮಿಯಲ್ಲಿ ನಮ್ಮ ಮನೆಯಿಂದ ಮೂರನೆಯದು ಅವರ ಮನೆ. ಅದಕ್ಕೂ ಮೊದಲು ಅವರು ನನಗೆ ಬಸ್ಸಿನವರು. ನಾನು ಬಾಗಲಕೋಟೆಯ ಕಾಲೇಜಿಗೆ ಹೋಗುತ್ತಿದ್ದ ಮೂರು ವರ್ಷವೂ ಮುಂಜಾನೆಯ ಬಸ್ಸು ಅವರದೇ. ಕೆರೂರ ದಾಟಿದ ಮೇಲೆ ಬಸ್ಸಿನ ಗದ್ದಲ ತಾನಾಗಿಯೇ ಇಳಿಯುತ್ತಿತ್ತು. ಕಿಟಕಿಯ ಬಿಸಿಲು ಒಬ್ಬರ ಮಡಿಲಿನಿಂದ ಇನ್ನೊಬ್ಬರ ಮಡಿಲಿಗೆ ಸರಿಯುತ್ತಿತ್ತು. ಎಲ್ಲರೂ ಅರ್ಧ ನಿದ್ದೆಯಲ್ಲಿರುವಾಗ ಕಾಕಾ ನಿಂತಲ್ಲೇ ಕಣ್ಣು ಮುಚ್ಚಿ, ಚರ್ಮದ ಚೀಲದೊಳಗೆ ಕೈ ಇಳಿಸಿ, ನಾಣ್ಯಗಳನ್ನು ಒಂದೊಂದಾಗಿ ಹೆಬ್ಬೆರಳಿನಲ್ಲಿ ಸವರುತ್ತಿದ್ದರು. ಅಕ್ಕಿಯಲ್ಲಿ ಹರಳು ಹುಡುಕುವವರ ಹಾಗೆ. ಊರು ಹತ್ತಿರವಾಗಿ ದೂರದಲ್ಲಿ ಹಿನ್ನೀರು ಹೊಳೆದಾಗ ಮಾತ್ರ ಕಣ್ಣು ತೆರೆಯುತ್ತಿದ್ದರು. "ಆ ನೀರಿನ ತಳಕ್ಕ ನನ್ನ ಮೊದಲನೇ ಸ್ಟಾಪ್ ಐತಿ" ಎಂದು ಯಾರಿಗೂ ಅಲ್ಲದೆ ಹೇಳಿಕೊಳ್ಳುತ್ತಿದ್ದರು. ಮುಳುಗಿದ ಹಳೇ ಬಾಗಲಕೋಟೆಯ ಓಣಿಗಳಲ್ಲಿ ಅವರು ಹೊಸದಾಗಿ ಕೆಲಸಕ್ಕೆ ಸೇರಿದ್ದರಂತೆ.

ಒಂದು ದಿನ ನಾನು ಕೊಟ್ಟ ಎರಡು ರೂಪಾಯಿಯ ಮೇಲೆ ಅವರ ಬೆರಳು ನಿಂತಿತು. ತೆಗೆದು ನೋಡಿದರು. ಅದರ ಎರಡೂ ಬದಿಗಿದ್ದ ಚಿತ್ರಗಳು ಒಂದಕ್ಕೊಂದು ಓರೆಯಾಗಿದ್ದವು. ತಿರುಗಿಸಿದರೆ ಸಿಂಹಗಳು ಮಲಗಿಕೊಳ್ಳುತ್ತಿದ್ದವು.

"ಮಗಳ, ಇದನ್ನ ನಾ ಇಟಗೊಳ್ಳಲೇನ?"

"ಅದು ಈಗ ಸರ್ಕಾರದ್ದಲ್ರೀ ಕಾಕಾ?"

ಅವರಿಗೆ ಖುಷಿಯಾಯಿತು. ಅಂಗಿಯ ಕಿಸೆಯಿಂದ ತಮ್ಮ ಎರಡು ರೂಪಾಯಿ ತೆಗೆದು ನನ್ನ ಕಣ್ಣೆದುರೇ ಚೀಲಕ್ಕೆ ಹಾಕಿದರು. "ನೀ ಕೇಳಿದ್ದು ಚಲೋ ಆತು. ಹಿಂದಕ್ಕೊಮ್ಮೆ ಕಿಸೇದಾಗ ನಾಕ್ ನಾಣ್ಯ ಇದ್ವು ಅಂತ ಚೆಕಿಂಗಿನವ್ರು ನನ್ನ ಮನೀಗೆ ಕಳಿಸಿದ್ರು. ಎರಡು ತಿಂಗಳು. ಕಡೀಕೆ ತಪ್ಪಿಲ್ಲ ಅಂತ ಬರದು ಕೊಟ್ರು ಖರೆ. ಆದ್ರ ಆ ಎರಡು ತಿಂಗಳು ಓಣ್ಯಾಗ ಮಂದಿ ನನ್ನ ನೋಡಿದ್ದು ಐತಲ್ಲ, ಅದನ್ನ ಯಾರೂ ಬರದು ಕೊಡಲಿಲ್ಲ."

ಹೀಗೆ ಅಚ್ಚಿನಲ್ಲಿ ತಪ್ಪಾದ ನಾಣ್ಯಗಳೇ ಅವರ ಸಂಗ್ರಹ. ಹಳೆಯ ರಾಜರ ಕಾಲದ ನಾಣ್ಯಗಳ ಮೇಲೆ ಅವರಿಗೆ ಅಂಥ ಆಸೆಯಿರಲಿಲ್ಲ. ಅಕ್ಷರ ಎರಡು ಸಲ ಬಿದ್ದದ್ದು, ಒಂದು ಬದಿ ನುಣ್ಣಗೆ ಉಳಿದದ್ದು, ಅಂಚು ಉಬ್ಬಿದ್ದು. ಕುಪ್ಪಸಕ್ಕೆ ನೇಯುವ ಗುಳೇದಗುಡ್ಡದ ಖಣದ ತುಂಡುಗಳಲ್ಲಿ ಅವರ ಹೆಂಡತಿ ಕಾಕು ಒಂದೊಂದಕ್ಕೂ ಬೆರಳುದ್ದದ ಚೀಲ ಹೊಲಿದುಕೊಟ್ಟಿದ್ದರು. ಕಾಕಾ ಅವನ್ನು ಜಮಖಾನದ ಮೇಲೆ ಹರಡಿ, "ಇದು ಹುನಗುಂದದಾಗ ಹತ್ತಿದ್ದು, ಇದು ಬನಶಂಕರಿ ಕ್ರಾಸಿನ್ಯಾಗ ಹತ್ತಿದ್ದು" ಎಂದು ಪ್ರಯಾಣಿಕರ ಪರಿಚಯ ಮಾಡಿಕೊಡುವಂತೆ ಹೇಳುತ್ತಿದ್ದರು. ಎಲ್ಲಕ್ಕಿಂತ ಪ್ರೀತಿಯದು ಒಂದು ರೂಪಾಯಿಯ ನಾಣ್ಯ. ಅಚ್ಚು ಪಕ್ಕಕ್ಕೆ ಸರಿದು ಬಿದ್ದು, ಒಂದು ಅಂಚಿನಲ್ಲಿ ಬಿದಿಗೆ ಚಂದ್ರನಷ್ಟು ಜಾಗ ಖಾಲಿ ಉಳಿದಿತ್ತು. ಇಳಕಲ್ಲಿನಲ್ಲಿ ಸೀರೆಗಂಟು ಹೊತ್ತು ಬಸ್ಸು ಹತ್ತಿದ ಮುದುಕಿಯೊಬ್ಬಳು ಕೊಟ್ಟದ್ದು. ಅದನ್ನು ಬೆಳಕಿಗೆ ಹಿಡಿದು ಓರೆ ಮಾಡಿದರೆ ಆ ಖಾಲಿ ಜಾಗ ಬೆಳ್ಳಗೆ ಬೆಳಗುತ್ತಿತ್ತು. ನಾವೆಲ್ಲ ಅದನ್ನು ಚಂದ್ರನ ರೂಪಾಯಿ ಎನ್ನುತ್ತಿದ್ದೆವು.

ಅವರು ನಿವೃತ್ತರಾದ ಮೇಲೆ ನಾನು ಅವರ ಪತ್ರದವಳಾದೆ. ನಾಣ್ಯ ಕೂಡಿಸುವವರ ಒಂದು ಪುಟ್ಟ ಪತ್ರಿಕೆಯ ಕೊನೆಯ ಪುಟದಲ್ಲಿ ಅವರಿಗೆ ಒಂದು ವಿಳಾಸ ಸಿಕ್ಕಿತ್ತು. ಒಡಿಶಾದ ಒಂದು ಸಣ್ಣ ಊರಿನ ನಿವೃತ್ತ ಮಾಸ್ತರರು. ಅವರೂ ತಪ್ಪು ಅಚ್ಚಿನ ನಾಣ್ಯಗಳ ಮರುಳರು. ಮಾಸ್ತರರಿಗೆ ಕಿವಿ ಕೇಳಿಸುತ್ತಿರಲಿಲ್ಲ, ಹಾಗಾಗಿ ಫೋನ್ ನಡೆಯುತ್ತಿರಲಿಲ್ಲ. ಪತ್ರ ಹಿಂದಿಯಲ್ಲಿ ಬರುತ್ತಿತ್ತು. ಕಾಕಾ ಹಿಂದಿ ಆಡಬಲ್ಲರು, ಓದಲಾರರು. ನಾನು ಓದಿ ಹೇಳುತ್ತಿದ್ದೆ, ಅವರು ಹೇಳಿದ್ದನ್ನು ಬರೆಯುತ್ತಿದ್ದೆ. ಭಾನುವಾರದ ಮಧ್ಯಾಹ್ನಗಳು ಹಾಗೆಯೇ ಕಳೆಯುತ್ತಿದ್ದವು. ಹೊರಗೆ ಗುಡ್ಡದ ಕೆಂಪುಕಲ್ಲು ಕಾಯ್ದು ಮಂಗಗಳೂ ಸುಮ್ಮನಾಗಿರುತ್ತಿದ್ದವು. ಒಳಗೆ ಕಾಕಾ ಗೋಡೆಗೆ ಒರಗಿ, ಎಂದೂ ನೋಡದ ಊರಿನ ಎಂದೂ ನೋಡದ ಗೆಳೆಯನಿಗೆ ನಿಧಾನವಾಗಿ ಮಾತಾಡುತ್ತಿದ್ದರು. ಇಬ್ಬರೂ ನಾಣ್ಯ ಮಾರುತ್ತಿರಲಿಲ್ಲ, ಅದಲುಬದಲೂ ಮಾಡುತ್ತಿರಲಿಲ್ಲ. ಒಂದೊಂದನ್ನು ತಿಂಗಳ ಮಟ್ಟಿಗೆ ಪರಸ್ಪರರ ಮನೆಗೆ ಕಳಿಸುತ್ತಿದ್ದರು. "ಬೀಗರ ಮನೀಗೆ ಹೋಗಿ ಬರಲಿ" ಎನ್ನುತ್ತಿದ್ದರು ಕಾಕಾ. ಪ್ರತಿ ಸಲವೂ ರಿಜಿಸ್ಟರ್ ಅಂಚೆ. ಪ್ರತಿ ಸಲವೂ ಬಂದದ್ದು ತಿರುಗಿ ಹೋಗುತ್ತಿತ್ತು, ಹೋದದ್ದು ತಿರುಗಿ ಬರುತ್ತಿತ್ತು.

ಮಾಸ್ತರರಿಗೆ ಕಣ್ಣಿನ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದ ಮೇಲೆ ಚಂದ್ರನ ರೂಪಾಯಿ ನೋಡುವ ಆಸೆಯಾಗಿದೆ ಎಂದು ಬರೆದರು. ಅದನ್ನು ಕಾಕಾ ಅಲ್ಲಿಯವರೆಗೆ ಮನೆಯಿಂದ ಹೊರಗೆ ಕಳಿಸಿರಲಿಲ್ಲ. ಒಂದು ದಿನ ಯೋಚಿಸಿ, ಖಣದ ಚೀಲದಲ್ಲಿಟ್ಟು, ಪತ್ರದ ಜೊತೆ ಲಕೋಟೆಗೆ ಹಾಕಿ ನನ್ನ ಕೈಗೆ ಕೊಟ್ಟರು. "ರಿಜಿಸ್ಟರ್ ಮಾಡಸು. ರಸೀದಿ ತಾ."

ಆ ದಿನ ಗೆಳತಿಯ ಮದುವೆ ಸೀರೆ ಆರಿಸಲು ನಾವು ನಾಲ್ವರು ಇಳಕಲ್ಲಿಗೆ ಹೊರಟಿದ್ದೆವು. ಅಂಚೆ ಕಚೇರಿಯ ಕಿಟಕಿಯ ಮುಂದೆ ಏಳೆಂಟು ಜನ ನಿಂತಿದ್ದರು. ಗೆಳತಿಯರು ರಸ್ತೆಯಿಂದ ಕೂಗುತ್ತಿದ್ದರು. ನನ್ನ ಬ್ಯಾಗಿನಲ್ಲಿ ಅಂಚೆಚೀಟಿಗಳಿದ್ದವು. ಇದ್ದಷ್ಟನ್ನು ಹಚ್ಚಿ ಹೊರಗಿನ ಕೆಂಪು ಡಬ್ಬಿಗೆ ಹಾಕಿ ಓಡಿದೆ. ದಿನವಿಡೀ ಸೆರಗಿನ ಕೆಂಪು, ದಡಿಯ ಹಸಿರು ನೋಡುತ್ತ ಅದು ನೆನಪಿಗೇ ಬರಲಿಲ್ಲ. ಸಂಜೆ ಕಾಕಾ ರಸೀದಿ ಕೇಳಿದಾಗ, ಬಸ್ಸಿನಲ್ಲಿ ಎಲ್ಲೋ ಬಿತ್ತು ಅಂದೆ.

ಮೂರು ವಾರದ ಮೇಲೆ ಮಾಸ್ತರರ ಪತ್ರ ಬಂತು. ಲಕೋಟೆ ಒಂದು ಮೂಲೆಯಲ್ಲಿ ಹರಿದು ತಲುಪಿತ್ತು. ಒಳಗೆ ಪತ್ರ ಮಾತ್ರ ಇತ್ತು. ನಾನು ಓದಿ ಹೇಳಿದೆ. ಕೊನೆಗೆ ಇನ್ನೂ ನಾಲ್ಕು ಸಾಲಿದ್ದವು. ಅವನ್ನು ಓದದೆ ಪತ್ರ ಮಡಚಿದೆ.

ಕಾಕಾ ಖಾಲಿ ಜಮಖಾನದ ಮೇಲೆ ಅಂಗೈ ಇಟ್ಟುಕೊಂಡು ಕೂತರು. "ಎಲ್ಲೋ ದಾರಿ ಮ್ಯಾಲ ಇಳದೈತಿ" ಎಂದರು. ಪರವಾಗಿಲ್ಲ ಎಂದು ಎರಡು ಸಾಲು ಬರೆಸಿದರು. ಆ ಕಡೆಯಿಂದ ಉತ್ತರ ಬರಲಿಲ್ಲ. ಒಂದು ತಿಂಗಳು, ಎರಡು ತಿಂಗಳು. ಮೂಲೆಯ ಚಹಾದಂಗಡಿಯಲ್ಲಿ ಮಾತು ಶುರುವಾಯಿತು. ಮೊದಲು ಮಾಸ್ತರರೇ ನುಂಗಿದರು ಅಂದರು. ಕಾಕಾ ಒಪ್ಪಲಿಲ್ಲ. "ನಾಣ್ಯ ಬಂದಿಲ್ಲ ಅಂತ ಅವರಂದ್ರ ಬಂದಿಲ್ಲ." ಹಾಗಾದರೆ ಇನ್ನಾರು? ಅಂಚೆ ಎಂದರೆ ನಮ್ಮ ಓಣಿಗೆ ಕಾಣುತ್ತಿದ್ದುದು ಒಂದೇ ಮುಖ, ಚೊಳಚಗುಡ್ಡದಿಂದ ಸೈಕಲ್ಲಿನಲ್ಲಿ ಬರುತ್ತಿದ್ದ ನಮ್ಮ ಪೋಸ್ಟ್‌ಮನ್. ಜನ ಅವನೆದುರೇ ಲಕೋಟೆಗಳನ್ನು ಬೆಳಕಿಗೆ ಹಿಡಿದು ನೋಡತೊಡಗಿದರು.

ಒಂದು ಮಧ್ಯಾಹ್ನ ಅವನು ಕಾಕಾರ ಹೊಸ್ತಿಲ ಹೊರಗೆ ಬಂದು ನಿಂತ. ನಾನು ಒಳಗೇ ಇದ್ದೆ.

"ಕಾಕಾರ, ನೀವೂ ಹಂಗ ಅಂತೀರೇನ್ರಿ?"

"ಇಲ್ಲಪಾ. ಒಳಗ ಬಾ."

"ರಸೀದಿ ನಂಬರ್ ಇದ್ರ ಹುಡುಕಸ್ತೇನ್ರಿ. ನನ್ನ ಮಗಳು ಸಾಲಿಯಿಂದ ಅಳಕೋತ ಬಂದಾಳ್ರಿ. ನಿಮ್ಮಪ್ಪ ಕಳ್ಳ ಅಂದಾರ ಯಾರೋ."

ಕಾಕಾ ನನ್ನ ಕಡೆ ನೋಡಿದರು. ರಸೀದಿ ನೆನಪಾಗಲಿ ಎಂದಷ್ಟೇ ನೋಡಿದ್ದು, ಅನುಮಾನದಿಂದಲ್ಲ. ಅದನ್ನೇ ನನಗೆ ತಡೆಯಲಾಗಲಿಲ್ಲ. ಅವನು ಅತ್ತ ಹೋಗುತ್ತಲೇ ಎಲ್ಲ ಹೇಳಿಬಿಟ್ಟೆ. ಡಬ್ಬಿ, ಇಲ್ಲದ ರಸೀದಿ, ಓದದೆ ಬಿಟ್ಟ ಸಾಲು.

ಕಾಕಾ ಎದ್ದು ಕೊಡದಿಂದ ನೀರು ಕುಡಿದು ಬಂದು ಕೂತರು.

"ಎಷ್ಟು ಮಂದಿ ಇದ್ರು ಕಿಡಕಿ ಮುಂದ?"

"ಏಳೆಂಟು ಮಂದ್ರಿ."

"ಏಳೆಂಟು ಮಂದಿ" ಎಂದು ಅವರೂ ಅಂದರು. ಆಮೇಲೆ ಪೆಟ್ಟಿಗೆಯಿಂದ ಪತ್ರ ತೆಗೆದು ನನ್ನ ಮುಂದಿಟ್ಟರು. "ಬಿಟ್ಟ ಸಾಲು ಈಗ ಓದು."

ಓದಿದೆ. ಮಾಸ್ತರರು ಬರೆದಿದ್ದರು: ಲಕೋಟೆಯ ಮೇಲೆ ರಿಜಿಸ್ಟರಿನ ಚೀಟಿ ಇರಲಿಲ್ಲ. ನೀವು ಹಾಗೆ ಕಳಿಸುವವರಲ್ಲ. ನಿಮಗೆ ಹುಷಾರಿಲ್ಲವೇ? ಮನೆಯಲ್ಲಿ ಎಲ್ಲ ಕ್ಷೇಮವೇ, ದಯವಿಟ್ಟು ತಿಳಿಸಿ.

ಕಾಕಾರ ಮುಖ ಆಗ ಕೆಟ್ಟಿತು. ನಾಣ್ಯ ಹೋದಾಗಲೂ ನಾನು ಅವರನ್ನು ಹಾಗೆ ಕಂಡಿರಲಿಲ್ಲ. "ಅಂವ ನನ್ನ ಆರಾಮ ಕೇಳ್ಯಾನ. ನಾ ಅದಕ್ಕ ಉತ್ತರಾನ ಕೊಟ್ಟಿಲ್ಲ. ಅವನ ಮೇಲೆ ಸಂಶೆ ಮಾಡೇನಿ ಅಂತ ತಿಳಕೊಂಡು ಸುಮ್ಮನಾಗ್ಯಾನ ನೋಡು." ಕಾಕು ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತಿದ್ದರು. ನಾನು ಅಳುತ್ತಿದ್ದೆ. ಯಾರೂ ಸಮಾಧಾನ ಮಾಡಲಿಲ್ಲ.

"ಪತ್ರ ನಾಳೆ ಬರಿ. ಮೊದ್ಲ ಪೋಸ್ಟ್‌ಮನ್ನನ ಮನೀಗೆ ಹೋಗೂಣು ನಡಿ. ನಾನೂ ಬರ್ತೇನಿ. ಆದ್ರ ಹೇಳಾಕಿ ನೀನ."

ಚೊಳಚಗುಡ್ಡಕ್ಕೆ ಹೋಗುವ ದಾರಿಯಲ್ಲಿ ಸಂಜೆಯ ಬೆಳಕು ತೆಂಗಿನ ಗರಿಗಳಲ್ಲಿ ಸಿಕ್ಕಿಕೊಂಡಿತ್ತು, ಬನಶಂಕರಿ ಹೊಂಡದ ನೀರು ಅಲ್ಲಾಡದೆ ನಿಂತಿತ್ತು. ಆ ದಾರಿ ಮುಗಿಯದಿರಲಿ ಎಂದುಕೊಳ್ಳುತ್ತ ನಡೆದೆ. ಪೋಸ್ಟ್‌ಮನ್ ಎಮ್ಮೆಗೆ ನೀರು ಕುಡಿಸುತ್ತಿದ್ದ. ನಾನು ಹೇಳಿದ್ದನ್ನೆಲ್ಲ ಬಕೆಟ್ ಹಿಡಿದೇ ಕೇಳಿದ. ಅವನ ಹೆಂಡತಿ, ಮಗಳು ಬಾಗಿಲಿಗೆ ಬಂದರು. ಅವನು ಬೈಯಲಿಲ್ಲ. ಒಂದೇ ಕೇಳಿದ:

"ಇದನ್ನ ನಿಮ್ಮ ಓಣ್ಯಾಗ ಹೇಳ್ತೀರೇನ್ರೀ ಅಕ್ಕಾರ?"

ನಾನು ಕಾಕಾರತ್ತ ನೋಡಿದೆ. ಅವರು ಎಮ್ಮೆಯನ್ನು ನೋಡುತ್ತ ನಿಂತಿದ್ದರು. "ಹೇಳ್ತೇನ್ರಿ" ಅಂದೆ.

ಮರುದಿನ ಮುಂಜಾನೆ ಚಹಾದಂಗಡಿಯಲ್ಲಿ, ಹತ್ತು ಹನ್ನೆರಡು ಜನರೆದುರು ಹೇಳಿದೆ. ಹಿಂದಿದ್ದವರಿಗೆ ಕೇಳಲಿಲ್ಲವೆಂದು ಇನ್ನೊಮ್ಮೆ ಹೇಳಬೇಕಾಯಿತು. ಒಬ್ಬರು ನಕ್ಕರು, ಒಬ್ಬರು ನಮ್ಮಪ್ಪನ ಹೆಸರು ಹಿಡಿದು ಅಯ್ಯೋ ಅಂದರು. ಅಂದು ಕಾಕಾ ಮುಂದಿನ ಬೆಂಚಿನಲ್ಲಿ ಕೂತಿದ್ದರು. ನಾನು ಮುಗಿಸಿದ ಮೇಲೆ ಪಕ್ಕದಲ್ಲಿ ಜಾಗ ಬಿಟ್ಟು, "ಕೂಡು. ಏ ತಮ್ಮಾ, ನಮ್ಮ ಮಗಳಿಗೆ ಒಂದು ಚಹಾ ಕೊಡಪಾ" ಎಂದು ಅಂಗಡಿಯವನಿಗೆ ಹೇಳಿದರು. ನಮ್ಮ ಮಗಳು ಎಂದು ಅಷ್ಟು ಜನರೆದುರು ಅಂದದ್ದು ಇಂದಿಗೂ ಕಿವಿಯಲ್ಲಿದೆ.

ಮಾಸ್ತರರಿಗೆ ಆ ಮಧ್ಯಾಹ್ನವೇ, ಸೀರೆ ಆರಿಸಲು ಓಡಿದ್ದನ್ನೂ ಬಿಡದೆ, ಬರೆದೆ. ಈ ಸಲ ಕಾಕಾ ಏನೂ ಹೇಳಿ ಬರೆಸಲಿಲ್ಲ. "ನಿನ್ನ ಮಾತಿನಾಗ ಬರಿ, ನಿನ್ನ ಹೆಸರು ಹಾಕು" ಅಂದರು. ಉತ್ತರ ಬರುವವರೆಗೆ ದಿನವೂ ಪೋಸ್ಟ್‌ಮನ್ನನ ದಾರಿ ಕಾದೆ. ಬಂದದ್ದು ದಪ್ಪ ಲಕೋಟೆ. ಕಾಕಾರಿಗೆ ಆರು ಪುಟ, ನನಗೆ ಬೇರೆ ಒಂದು ಚೀಟಿ. ಚೀಟಿಯಲ್ಲಿ, 'ಮಗಳೇ, ನೀನು ಆರಿಸಿದ ಸೀರೆಯ ಬಣ್ಣ ಯಾವುದು?' ಎಂದಷ್ಟೇ ಇತ್ತು.

ಚಂದ್ರನ ರೂಪಾಯಿ ಸಿಗಲಿಲ್ಲ. ಯಾವ ಊರಿನ ಯಾವ ಮೂಲೆಯಲ್ಲಿ ಖಣದ ಚೀಲದೊಳಗೆ ಮಲಗಿದೆಯೋ, ಅಥವಾ ಚೀಲ ಬಿಟ್ಟು ಯಾರ ಯಾರ ಕೈ ದಾಟಿ ಮತ್ತೆ ಬರಿಯ ಒಂದು ರೂಪಾಯಿಯಾಗಿ ತಿರುಗುತ್ತಿದೆಯೋ.

ಮುಂದಿನ ಚಳಿಗಾಲದಲ್ಲಿ ಮಾಸ್ತರರೇ ಮಗಳ ಜೊತೆ ಬಾದಾಮಿಗೆ ಬಂದರು. ಪುಟ್ಟ ಆಳು, ಬಿಳಿ ಧೋತರ, ದಪ್ಪ ಕನ್ನಡಕ. ಸ್ಟೇಶನ್ನಿನಲ್ಲಿ ಇಬ್ಬರೂ ಕೈ ಹಿಡಿದುಕೊಂಡು ಏನೂ ಹೇಳದೆ ನಿಂತರು. ಹೇಳಿದ್ದರೂ ಒಬ್ಬರಿಗೆ ಕೇಳುತ್ತಿರಲಿಲ್ಲ. ಅಗಸ್ತ್ಯ ಹೊಂಡದ ಮೆಟ್ಟಿಲ ಮೇಲೆ ನಾಣ್ಯಗಳನ್ನು ಹರಡಿಕೊಂಡು ಮಧ್ಯಾಹ್ನವೆಲ್ಲ ಕೂತಿದ್ದರು. ಒಬ್ಬರು ಬೆರಳಿನಿಂದ ನೋಡುವುದು, ಇನ್ನೊಬ್ಬರು ಹೊಸ ಕಣ್ಣಿನಿಂದ ನೋಡುವುದು. ಕೆಳಗೆ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಬಟ್ಟೆ ಕಲ್ಲಿಗೆ ಬಿದ್ದ ಮೇಲೆ ಒಂದು ಗಳಿಗೆ ಬಿಟ್ಟು ಗುಡ್ಡದಿಂದ ಅದರ ಸದ್ದು ಬರುತ್ತಿತ್ತು. ನಾನು ಎರಡು ಮೆಟ್ಟಿಲು ಮೇಲೆ ಕೂತು ಕಾದೆ. ನನ್ನನ್ನು ಯಾರೂ ಏನನ್ನೂ ಹೇಳಲು, ಓದಲು ಕರೆಯಲಿಲ್ಲ.

ಆಮೇಲೆ ನನಗೆ ಹುನಗುಂದದ ಶಾಲೆಯಲ್ಲಿ ಕೆಲಸ ಸಿಕ್ಕಿತು. ಕಾಕಾ ಹೋದ ವರ್ಷ ತೀರಿಕೊಂಡರು. ಊಟ ಮಾಡಿ ಜಮಖಾನದ ಮೇಲೆ ಅಡ್ಡಾದವರು ಏಳಲಿಲ್ಲ. ನಾನು ಬರುವ ಹೊತ್ತಿಗೆ ಹೊರಡಿಸುವ ಸಿದ್ಧತೆ ನಡೆದಿತ್ತು. ಹೆಗಲು ಕೊಟ್ಟ ನಾಲ್ವರಲ್ಲಿ ಒಬ್ಬ ಖಾಕಿ ಅಂಗಿಯಲ್ಲೇ ಇದ್ದ. ಟಪಾಲು ಹಂಚುವುದನ್ನು ಅರ್ಧಕ್ಕೆ ಬಿಟ್ಟು ಬಂದಿದ್ದ. ಯಾರೂ ಅವನನ್ನು ನೀನೇಕೆ ಎಂದು ಕೇಳಲಿಲ್ಲ.

ಮಾಸ್ತರರಿಗೆ ಸುದ್ದಿ ತಿಳಿಸುವುದು ನನ್ನ ಪಾಲಿಗೆ ಬಂತು. ಕಾಕು ಪಕ್ಕದಲ್ಲಿ ಕೂತಿದ್ದರು. ಇದ್ದದ್ದನ್ನು ಇದ್ದ ಹಾಗೆ, ಒಂದನ್ನೂ ಬಿಡದೆ ಬರೆದೆ: ಏನು ಉಂಡಿದ್ದರು, ಯಾವ ಮಗ್ಗುಲಿಗೆ ಮಲಗಿದ್ದರು, ಯಾರು ಹೊತ್ತರು. ತಿಂಗಳ ಮೇಲೆ ಉತ್ತರ ಬಂತು. ಅಕ್ಷರಗಳು ಸಾಲು ತಪ್ಪಿ ಏರಿಳಿದಿದ್ದವು. ಇನ್ನೊಂದು ಕಣ್ಣೂ ಮಂಜಾಗಿದೆ, ಆದರೆ ಬಾದಾಮಿಯ ಕಡೆಯಿಂದ ಪತ್ರ ಬರುವುದು ನಿಲ್ಲದಿರಲಿ, ದೊಡ್ಡ ಅಕ್ಷರದಲ್ಲಿ ಬರೆದರೆ ಓದಬಲ್ಲೆ ಎಂದಿದ್ದರು.

ಹುನಗುಂದದಿಂದ ತಿಂಗಳಿಗೊಂದು ಬರೆಯುತ್ತೇನೆ. ಒಂದನೆಯ ತರಗತಿಯ ಮಕ್ಕಳಿಗೆ ಬರೆದಂತೆ ದಪ್ಪ ಪೆನ್ನಿನಲ್ಲಿ, ದುಂಡಗೆ. ಪುಟಕ್ಕೆ ಐದೇ ಸಾಲು ಹಿಡಿಯುತ್ತವೆ. ಐದೇ ಸಾಲು ಇರುವಾಗ ಸುಳ್ಳಿಗೆ ಜಾಗ ಸಾಲುವುದಿಲ್ಲ.